ನಮ್ಮ ಪವರ್ ಹೌಸಿಗೆ ಸಿಕ್ಕ ಒಬ್ಬನೇ ಶತ್ರು

ನಾನು ಕೆಲಸ ಮಾಡಿದ ವಿದ್ಯುತ್ ಸ್ಟೇಷನ್ನನ್ನು ಉಗ್ರರಿಂದ ಕಾಪಾಡಲು ಸರ್ಕಾರ ಗೋಡೆ ಎತ್ತರಿಸಿತು, ಮುಳ್ಳುತಂತಿ ಸುತ್ತಿತು, ಕ್ಯಾಮೆರಾ ಹಾಕಿತು, ಕಾವಲಿಗೆ ಜನ ಇಟ್ಟಿತು. ಇಷ್ಟೆಲ್ಲ ಮಾಡಿದ ಮೇಲೆ ಬಲೆಗೆ ಬಿದ್ದದ್ದು ಒಬ್ಬನೇ ಒಬ್ಬ, ನೀರಿನ ಟ್ಯಾಂಕರ್ ಕೆಂಪಣ್ಣ. ಸ್ಟೇಷನ್ನು ಸುಟ್ಟು ಬೂದಿಯಾಗದಂತೆ ಉಳಿಸಿದವನು ಅವನೇ. ಅವನ ಮೇಲೆ ಹಾಕಿದ ಕೇಸು ವರ್ಷಗಟ್ಟಲೆ ನಡೆಯಿತು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ವಯಸ್ಸಾಯಿತು, ಬಿಪಿ ಇದೆ, ಸಿಟ್ಟು ಮಾಡಿಕೊಳ್ಳಬೇಡಿ ಎನ್ನುತ್ತಾರೆ ಡಾಕ್ಟರು. ಒಳಗೇ ಇಟ್ಟುಕೊಂಡು ಕುದಿಯುವುದಕ್ಕಿಂತ ಬರೆದುಬಿಡುವುದು ವಾಸಿ.

ಈಚೆಗೆ ನನ್ನ ತಂಗಿಯ ಮಗಳು ಇದೇ ಇಲಾಖೆಗೆ ಇಂಜಿನಿಯರಾಗಿ ಸೇರಿದಳು. ಟ್ರೇನಿಂಗಿನಲ್ಲಿ ಅವಳಿಗೆ ‘ವಿದ್ಯುತ್ ಕೇಂದ್ರಗಳ ಭದ್ರತೆ’ ಎಂಬ ವಿಷಯದ ಮೇಲೆ ಇಡೀ ದಿನ ಪಾಠ ಮಾಡಿದರಂತೆ. "ದೊಡ್ಡಮ್ಮ, ನಿಮ್ ಕಾಲದಲ್ಲಿ ಇದೆಲ್ಲ ಇತ್ತಾ?" ಅಂತ ಕೇಳಿದಳು. ಇತ್ತು ಕಣಮ್ಮ. ಹೇಗಿತ್ತು ಅಂತ ಹೇಳುತ್ತೇನೆ, ಕೇಳು.

ಸ್ಟೇಷನ್ನು ಇದ್ದದ್ದು ಮಾಗಡಿ ರಸ್ತೆಯ ಕಡೆ, ಬ್ಯಾಡರಹಳ್ಳಿಯಿಂದ ಸ್ವಲ್ಪ ಒಳಗೆ. ದೂರದಿಂದ ಟವರುಗಳ ಮೇಲೆ ಬರುವ ಹೈ ವೋಲ್ಟೇಜ್ ಕರೆಂಟನ್ನು ದೊಡ್ಡ ಟ್ರಾನ್ಸ್‌ಫಾರ್ಮರುಗಳಲ್ಲಿ ಇಳಿಸಿ ವಿಜಯನಗರ, ಬಸವೇಶ್ವರನಗರ, ಕುರುಬರಹಳ್ಳಿ ಕಡೆಗೆ ಕಳಿಸುವುದು ನಮ್ಮ ಕೆಲಸ. ನಾನು ಅಲ್ಲಿ ಇನ್‌ಚಾರ್ಜ್ ಇಂಜಿನಿಯರು. ಮಹಾಲಕ್ಷ್ಮಿ ಲೇಔಟಿನ ಮನೆಯಿಂದ ಎರಡು ಬಸ್ಸು ಬದಲಾಯಿಸಿ ಹೋಗುತ್ತಿದ್ದೆ. ಹೆಂಗಸು ಇಂಥ ಜಾಗದಲ್ಲಿ ಏನು ಮಾಡುತ್ತಾಳೆ ಎಂದು ಮೊದಲು ಮೂಗು ಮುರಿದವರು ಬಹಳ ಜನ. ನಮ್ಮ ಆಪರೇಟರ್ ನಂಜುಂಡಯ್ಯನವರು ಮಾತ್ರ ಮೊದಲ ದಿನವೇ, "ಮೇಡಂ, ಕರೆಂಟಿಗೆ ಗಂಡಸು ಹೆಂಗಸು ಅಂತ ಭೇದ ಇಲ್ಲ, ಯಾರು ಮುಟ್ಟಿದ್ರೂ ಹೊಡೀತದೆ" ಅಂದು ಕುರ್ಚಿ ಒರೆಸಿ ಕೊಟ್ಟರು.

ಆ ಜಾಗ ಒಂದು ಕಾಲಕ್ಕೆ ಪಕ್ಕದ ಹಳ್ಳಿಯವರ ರಾಗಿ ಹೊಲ. ಸ್ಟೇಷನ್ನಿಗೆಂದು ಸರ್ಕಾರ ಹೊಲ ತೆಗೆದುಕೊಂಡಾಗ ಹಿಂದಿನ ಮೂಲೆಯ ಬೇವಿನ ಮರ, ಅದರ ಬುಡದ ಮುನೇಶ್ವರನ ಕಲ್ಲು ಕಾಂಪೌಂಡಿನ ಒಳಗೇ ಉಳಿದವು. ಹಳೆಯ ಇಂಜಿನಿಯರೊಬ್ಬರು ಊರಿನವರ ಜೊತೆ ಕೂತು ಮಾತಾಡಿ ಒಂದು ಏರ್ಪಾಡು ಮಾಡಿದ್ದರು. ಮಂಗಳವಾರ ಮಂಗಳವಾರ ಹಿಂದಿನ ಗೇಟಿನಿಂದ ಬಂದು ಪೂಜೆ ಮಾಡಿಕೊಂಡು ಹೋಗಬಹುದು, ಕುರಿ ಕಡಿಯುವುದೇನಿದ್ದರೂ ಗೋಡೆಯಾಚೆ, ಮತ್ತು ಸ್ಟೇಷನ್ನಿನವರು ‘ಕ್ಲಿಯರ್’ ಅನ್ನುವವರೆಗೆ ಒಬ್ಬರೂ ಒಳಗೆ ಕಾಲಿಡಬಾರದು.

ಈ ಕೊನೆಯ ಮಾತು ನಮ್ಮ ವೃತ್ತಿಯ ಪ್ರಾಣ. ಎಂಥ ಅನುಭವಿ ಲೈನ್‌ಮನ್ನೇ ಆಗಲಿ, ಇನ್‌ಚಾರ್ಜ್ ಆದವರು ‘ಲೈನ್ ಕ್ಲಿಯರ್’, ಅಂದರೆ ಕರೆಂಟು ಕಡಿದಿದೆ, ಮುಟ್ಟಬಹುದು ಎಂದು ಹೇಳುವ ತನಕ ತಂತಿಯ ಹತ್ತಿರ ಸುಳಿಯುವಂತಿಲ್ಲ. ಹೇಳಿದ ಮೇಲೆ ಅವನ ಜೀವದ ಹೊಣೆ ಹೇಳಿದವರದ್ದು. ಅದು ಅಪ್ಪಣೆಯೂ ಹೌದು, ಭಾಷೆ ಕೊಟ್ಟಂತೆಯೂ ಹೌದು. ಊರಿನವರು ಅದನ್ನು ಪೂಜೆಯ ಮಂತ್ರದ ಹಾಗೆ ಕಲಿತುಬಿಟ್ಟಿದ್ದರು. ಕೆಂಪಣ್ಣನ ತಾಯಿ ತಟ್ಟೆ ಹಿಡಿದು ಗೇಟಿನಲ್ಲಿ ನಿಲ್ಲುವರು. ಕೆಂಪಣ್ಣ ಅಲ್ಲಿಂದಲೇ ಕೂಗುವನು: "ಅಕ್ಕಾ, ಕ್ಲಿಯರ್ರಾ?" ನಾನೋ ನಂಜುಂಡಯ್ಯನವರೋ ಹೊರಗೆ ಬಂದು, ತಂತಿ, ಟ್ರಾನ್ಸ್‌ಫಾರ್ಮರುಗಳಿದ್ದ ಯಾರ್ಡಿನ ಮೇಲೆ ಒಮ್ಮೆ ಕಣ್ಣಾಡಿಸಿ, "ಕ್ಲಿಯರ್!" ಎಂದು ಕೈ ಎತ್ತಿದರೇ ಸರಿ, ಆಮೇಲೆ ಕಾಯಿ ಒಡೆಯುವುದು. ಚಿಕ್ಕ ಮಕ್ಕಳು ಸಹ ಆ ಗೆರೆ ದಾಟುತ್ತಿರಲಿಲ್ಲ. ಪೂಜೆ ಮುಗಿದ ಮೇಲೆ ನಮಗೆಲ್ಲ ಬಾಳೆಲೆಯ ತುಂಡಿನಲ್ಲಿ ಸಿಹಿ ಪೊಂಗಲ್.

ಇದಲ್ಲದೆ ಆ ಜನ ನಮಗೆ ಸಂಬಳವಿಲ್ಲದ ಕಾವಲು. ಹಿಂಭಾಗದಲ್ಲಿ ಅಪರಿಚಿತ ಮುಖ ಕಂಡರೆ ಐದು ನಿಮಿಷದಲ್ಲಿ ಯಾರಾದರೂ ಓಡಿ ಬಂದು ಹೇಳುತ್ತಿದ್ದರು. ತಾಮ್ರದ ಪಟ್ಟಿ ಕೀಳಲು ಬಂದ ಕಳ್ಳರನ್ನು ಕೆಂಪಣ್ಣನ ದೊಡ್ಡಪ್ಪ ಎಮ್ಮೆ ಹೊಡೆಯುವ ಕೋಲು ಹಿಡಿದು ಓಡಿಸಿದ್ದನ್ನು ನಾನೇ ಕಂಡಿದ್ದೇನೆ.

ಎರಡು ಸಾವಿರದ ಇಸವಿ ದಾಟಿದ ಆ ದಶಕದಲ್ಲಿ ದೇಶದಲ್ಲಿ ಅಲ್ಲಲ್ಲಿ ಬಾಂಬು ಸಿಡಿಯುತ್ತಿದ್ದವು. ಕರೆಂಟು ಕಡಿದರೆ ಊರಿಗೆ ಊರೇ ಕತ್ತಲು, ಆದ್ದರಿಂದ ವಿದ್ಯುತ್ ಕೇಂದ್ರಗಳಿಗೆ ಭದ್ರತೆ ಬೇಕು ಎಂದು ಸರ್ಕಾರಕ್ಕೆ ಅನ್ನಿಸಿತು. ಅನ್ನಿಸಿದ್ದರಲ್ಲಿ ತಪ್ಪಿಲ್ಲ, ನನಗೂ ಭಯವಿತ್ತು. ಸಮಿತಿ ಒಂದಾಯಿತು. ನಮ್ಮ ಭಾಗಕ್ಕೆ ಒಬ್ಬ ಭದ್ರತಾ ಅಧಿಕಾರಿ ಬಂದರು. ಇಸ್ತ್ರಿ ಮಡಿಕೆ ಮುರಿಯದ ಅಂಗಿ, ಕಪ್ಪು ಕನ್ನಡಕ. ಸ್ಟೇಷನ್ನಿಗೆ ಬಂದವರು ಟ್ರಾನ್ಸ್‌ಫಾರ್ಮರ್ ಕಡೆ ತಿರುಗಿಯೂ ನೋಡದೆ ಮೊದಲು ಕಾಂಪೌಂಡ್ ಗೋಡೆಯನ್ನು ತಟ್ಟಿ ನೋಡಿದರು. ನಂಜುಂಡಯ್ಯನವರು ಅಂದೇ ಅವರಿಗೆ ‘ಗೋಡೆ ಸಾಹೇಬರು’ ಎಂದು ಹೆಸರಿಟ್ಟರು.

ಗೋಡೆ ಸಾಹೇಬರ ಮೊದಲ ಆಜ್ಞೆ, ಸ್ಟೇಷನ್ನಿನ ಬೋರ್ಡು ತೆಗೆಯಿರಿ ಎಂದು. ಇದು ಏನು ಜಾಗ ಎಂದು ಶತ್ರುವಿಗೆ ತಿಳಿಯಬಾರದಂತೆ. ಆಕಾಶಕ್ಕೆ ಚುಚ್ಚುವ ಟವರುಗಳು ನಾಲ್ಕು ದಿಕ್ಕಿನಿಂದ ಬಂದು ಸೇರುವ ಜಾಗ! ಬೋರ್ಡು ಇಳಿಸಿದೆವು. ಮರುದಿನ ನಾನು ಬಸ್ಸಿನಲ್ಲಿ ಬರುವಾಗ ಕಂಡಕ್ಟರ್ ಎಂದಿನಂತೆ ಕೂಗಿದ: "ಪವರ್ ಹೌಸ್, ಪವರ್ ಹೌಸ್ ಸ್ಟಾಪ್, ಇಳಿಯೋರು ಮುಂದೆ ಬನ್ರೀ!" ನಾನು ಇಳಿದೆ. ಶತ್ರು ಬಂದಿದ್ದರೂ ಅಲ್ಲೇ ಇಳಿಯುತ್ತಿದ್ದ, ಟಿಕೆಟ್ ತೆಗೆದುಕೊಂಡು.

ಎರಡನೆಯದು ಕಾವಲು. ಮುಂದಿನ ಗೇಟಿಗೆ ಖಾಸಗಿ ಏಜೆನ್ಸಿಯಿಂದ ಜನ ಬಂದರು. ಹಗಲು ಪಾಳಿಯವನು ಮಲ್ಲಪ್ಪ, ವಿಜಾಪುರದ ಕಡೆಯವನು, ಬೆಂಗಳೂರಿಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ಒಳ್ಳೆಯ ಮನುಷ್ಯ. ಆದರೆ ಅವನಿಗೆ ಕೊಟ್ಟ ತರಬೇತಿ ಎಂದರೆ ಹೊಸ ವಸ್ತು ಕಂಡರೆ ತಡಿ ಎಂಬುದೊಂದೇ. ಒಂದು ಬೆಳಿಗ್ಗೆ ನಾನು ಟೆಸ್ಟಿಂಗ್ ವಿಭಾಗದಿಂದ ಮೆಗ್ಗರ್ ತಂದೆ. ಟ್ರಾನ್ಸ್‌ಫಾರ್ಮರಿನೊಳಗೆ ಕರೆಂಟು ಸೋರುತ್ತಿದೆಯೇ ಎಂದು ನೋಡುವ ಪೆಟ್ಟಿಗೆ ಅದು. ಪಕ್ಕದಲ್ಲಿ ತಿರುಗಿಸುವ ಹಿಡಿ, ಎರಡು ಉದ್ದನೆಯ ವೈರು. ಮಲ್ಲಪ್ಪ ನನ್ನನ್ನು ಗೇಟಿನ ಹೊರಗೇ ನಿಲ್ಲಿಸಿದ.

"ಇದ್ರಾಗ ಏನೈತ್ರಿ ಮೇಡಂ? ತಿರುವಿದ್ರ ಢಂ ಅಂತೈತೇನ್ರಿ?"

"ಅಯ್ಯೋ ಮಲ್ಲಪ್ಪ, ಇದು ಮೆಷಿನ್ ಚೆಕ್ ಮಾಡೋದು ಕಣಯ್ಯ. ದಿನಾ ನೋಡ್ತೀಯಲ್ಲ ನನ್ನ."

"ನಿಮ್ಮನ್ನ ನೋಡೀನ್ರಿ. ಈ ಡಬ್ಬಿ ನೋಡಿಲ್ರಿ. ಸಾಹೇಬ್ರು ಬಂದು ಹೂಂ ಅನ್ನೂತನಕ ಬಿಡಾಕ ಬರೂದಿಲ್ರಿ."

ಸಾಹೇಬರು ಬಂದದ್ದು ಊಟದ ಹೊತ್ತಿಗೆ. ಅಷ್ಟು ಹೊತ್ತು ನಾನು ನನ್ನದೇ ಸ್ಟೇಷನ್ನಿನ ಗೇಟಿನಲ್ಲಿ ಬಿಸಿಲು ಕಾಯುತ್ತ ಕೂತೆ. ಮಲ್ಲಪ್ಪನಿಗೇ ಪಾಪ ಅನ್ನಿಸಿ ತನ್ನ ಸ್ಟೂಲು ತಂದು ಕೊಟ್ಟ. ಸಾಹೇಬರು ಮಲ್ಲಪ್ಪನ ಬೆನ್ನು ತಟ್ಟಿ ಹೋದರು.

ಇವೆಲ್ಲ ಆಗ ಮೈ ಉರಿಸಿದರೂ ಈಗ ನೆನೆದರೆ ನಗು ಬರುತ್ತದೆ. ಮೂರನೆಯದಕ್ಕೆ ಮಾತ್ರ ಇಂದಿಗೂ ನಗು ಬರುವುದಿಲ್ಲ. ಮುಂದಿನ ಗೇಟಿನ ಒಳಗೆ ಕಾಂಕ್ರೀಟ್ ದಿಮ್ಮಿಗಳನ್ನು ಸೊಟ್ಟಸೊಟ್ಟಗೆ ಇಡಿಸಿದರು, ಬಾಂಬು ತುಂಬಿದ ಲಾರಿ ನೇರವಾಗಿ ನುಗ್ಗಬಾರದೆಂದು. ಹಿಂದಿನ ಗೇಟನ್ನು ಕಿತ್ತು, ಸಿಮೆಂಟ್ ಇಟ್ಟಿಗೆ ಇಟ್ಟು ಮುಚ್ಚಿಸಿದರು. ಪೂಜೆ ಬಂದ್. ‘ನಿಷೇಧಿತ ಪ್ರದೇಶ, ಅತಿಕ್ರಮಿಸಿದವರನ್ನು ಶಿಕ್ಷಿಸಲಾಗುವುದು’ ಎಂದು ಆ ಗೋಡೆಯ ಹೊರಗೆ ದಪ್ಪಕ್ಷರದಲ್ಲಿ ಬರೆಸಿದರು. ನಮ್ಮ ಬೋರ್ಡು ಇಳಿಸಿದವರೇ ಇಲ್ಲಿ ಏನೋ ಇದೆ ಎಂದು ಡಂಗುರ ಹೊಡೆಸಿದಂತಾಯಿತು.

ನಾನು ಸುಮ್ಮನಿರಲಿಲ್ಲ. ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿದೆ. "ಸಾರ್, ಆ ಗೇಟು ದೇವರಿಗೆ ಅಂತ ಇಟ್ಟದ್ದಲ್ಲ. ಟ್ರಾನ್ಸ್‌ಫಾರ್ಮರ್ ತಂದ ದೊಡ್ಡ ಗಾಡಿ ಬಂದದ್ದೇ ಅಲ್ಲಿಂದ. ಬೆಂಕಿ ಬಿದ್ರೆ ಫೈರ್ ಇಂಜಿನ್ ಬರಬೇಕಾದ್ದೂ ಅಲ್ಲಿಂದ. ಮುಂದೆ ಈ ದಿಮ್ಮಿ ಇಟ್ಟಿದ್ದೀರ, ಅದು ತಿರುಗೋದೆಲ್ಲಿ?"

"ಮೇಡಂ, ನೀವು ಊರಿನವರ ವಿಷಯದಲ್ಲಿ ಸೆಂಟಿಮೆಂಟಲ್ ಆಗ್ತಿದ್ದೀರ," ಎಂದರು ಗೋಡೆ ಸಾಹೇಬರು. "ಥ್ರೆಟ್ ಯಾವಾಗಲೂ ಹೊರಗಡೆಯಿಂದ ಬರೋದು."

"ಬೆಂಕಿ ಆರಿಸೋ ನೀರಿನ ಪಂಪ್ ಕೆಟ್ಟು ಕೂತಿದೆ. ಅದಾದರೂ ರಿಪೇರಿ ಮಾಡಿಸಿ."

"ಅದು ನಮ್ಮ ಬಾಬತ್ತಲ್ಲ. ನಿಮ್ಮ ಮೇಲಿನವರನ್ನ ಕೇಳಿ."

ಮೇಲಿನವರನ್ನು ಕೇಳಿದೆ. ಈ ವರ್ಷ ಎಲ್ಲ ಭದ್ರತೆಗೆ ಹೋಯಿತಲ್ಲಮ್ಮ ಎಂದರು. ಬೆಂಕಿ ಆರಿಸುವುದು ಭದ್ರತೆಯಲ್ಲ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಜನ. ಹೊಸದಾಗಿ ಕೆಲಸಕ್ಕೆ ಸೇರುವವರು ಇದನ್ನು ನೆನಪಿಡಬೇಕು. ಸರ್ಕಾರಿ ಭಾಷೆಯಲ್ಲಿ ಅಪಾಯ ಎಂದರೆ ಫೋಟೊ ತೆಗೆಸಿಕೊಳ್ಳಲು ಬರುವ ಅಪಾಯ ಮಾತ್ರ. ಎಣ್ಣೆ ಜಿನುಗುವ ಹಳೆಯ ಟ್ರಾನ್ಸ್‌ಫಾರ್ಮರಿನ ಪಕ್ಕದಲ್ಲಿ ನಿಂತು ಯಾರೂ ರಿಬ್ಬನ್ ಕತ್ತರಿಸುವುದಿಲ್ಲ.

ಗೇಟು ಮುಚ್ಚಿದ ಮೊದಲ ಮಂಗಳವಾರ ಕೆಂಪಣ್ಣನ ತಾಯಿ ತಟ್ಟೆ ಹಿಡಿದು ಇಟ್ಟಿಗೆ ಗೋಡೆಯ ಮುಂದೆ ನಿಂತಿದ್ದರಂತೆ. ಅವರು ಯಾರನ್ನೂ ಬೈಯಲಿಲ್ಲ. ಕಾಯಿಯನ್ನು ಗೋಡೆಗೇ ಒಡೆದು ಹೋದರಂತೆ. ಕೆಂಪಣ್ಣ ಮಾತ್ರ ಬಸ್ ಸ್ಟಾಪಿನಲ್ಲಿ ನನ್ನನ್ನು ಹಿಡಿದು ಕೇಳಿದ: "ಏನಕ್ಕಾ ಇದು? ನಮ್ ಹೊಲ ಕೊಟ್ಟು ನಾವೇ ಕಳ್ರಾದ್ವಾ?" ಹೊಲ ಹೋದ ಮೇಲೆ ಅವನು ಉಳಿದ ಚೂರು ಜಾಗದಲ್ಲಿ ಬೋರ್‌ವೆಲ್ ಕೊರೆಸಿ, ಟ್ಯಾಂಕರಿನಲ್ಲಿ ಹೊಸ ಬಡಾವಣೆಗಳಿಗೆ ನೀರು ಹೊಡೆಯುತ್ತಿದ್ದ. ಅವನ ಟ್ಯಾಂಕರು ನಿಲ್ಲುತ್ತಿದ್ದದ್ದು ನಮ್ಮ ಹಿಂಗೋಡೆಯ ಆಚೆಯ ಬಯಲಿನಲ್ಲೇ.

ಬೆಂಕಿ ಬಿದ್ದದ್ದು ಏಪ್ರಿಲ್ಲಿನ ಒಂದು ಮಧ್ಯಾಹ್ನ. ಊರಿನ ಫ್ಯಾನು, ಕೂಲರುಗಳೆಲ್ಲ ತಿರುಗುತ್ತಿದ್ದ ಹೊತ್ತು. ಹಿಂದಿನ ಸಾಲಿನ ಟ್ರಾನ್ಸ್‌ಫಾರ್ಮರಿನ ನೆತ್ತಿಯ ಮೇಲಿನ, ತಂತಿ ಒಳಹೋಗುವ ಪಿಂಗಾಣಿ ಕೊಳವೆ, ಬುಶಿಂಗ್, ಸಿಡಿಯಿತು. ಕಂಟ್ರೋಲ್ ರೂಮಿನ ಗಾಜುಗಳು ಅದುರಿದವು. ಹೊರಗೆ ನೋಡಿದರೆ ಎಣ್ಣೆಗೆ ಬೆಂಕಿ ಹತ್ತಿ ಕಪ್ಪು ಹೊಗೆ ಬೇವಿನ ಮರಕ್ಕಿಂತ ಎತ್ತರ ಎದ್ದಿತ್ತು. ಪಕ್ಕದಲ್ಲೇ ಇನ್ನೊಂದು ಟ್ರಾನ್ಸ್‌ಫಾರ್ಮರ್. ಅದಕ್ಕೂ ಹತ್ತಿದರೆ ಕಂಟ್ರೋಲ್ ರೂಮು, ಅದರ ಜೊತೆ ನಾವು. ಫೈರ್ ಸ್ಟೇಷನ್ನಿಗೆ ಫೋನ್ ಮಾಡಿದೆ. ನಂಜುಂಡಯ್ಯನವರು ಒಂದೊಂದೇ ಬ್ರೇಕರ್ ಬಿಡಿಸಿ ಕರೆಂಟು ಕಡಿಯಲು ಶುರುಮಾಡಿದರು. ನಡುವೆ ಫೋನು ಹೊಡೆದುಕೊಂಡಿತು. ಎತ್ತಿದರೆ ಯಾರೋ, "ಏನ್ರೀ, ಕರೆಂಟ್ ಯಾವಾಗ್ ಬರುತ್ತೆ?" ನಾನು ಹೇಳಿದ್ದನ್ನು ಇಲ್ಲಿ ಬರೆಯಲಾರೆ.

ಫೈರ್ ಇಂಜಿನ್ ಬೇಗನೇ ಬಂತು. ಆದರೆ ಗೇಟಿಗೆ ಬೀಗ! ಸ್ಫೋಟದ ಸದ್ದು ಕೇಳಿದರೆ ಗೇಟು ಮುಚ್ಚಿ, ಸಾಹೇಬರು ಬರುವ ತನಕ ಯಾರನ್ನೂ ಒಳಗೆ ಬಿಡಬಾರದು, ಹೊರಗೆ ಕಳಿಸಬಾರದು ಎಂದು ಮಲ್ಲಪ್ಪನಿಗೆ ಆರ್ಡರಾಗಿತ್ತು. ನಾನು ಓಡಿದೆ.

"ತೆಗಿಯೋ ಮಲ್ಲಪ್ಪ!"

"ಆರ್ಡರ್ ಐತ್ರಿ ಮೇಡಂ... ನನ್ನ ನೌಕ್ರಿ ಹೊಕ್ಕೈತ್ರಿ..."

"ನಂಜುಂಡಯ್ಯ ಒಳಗೆ ಸುಟ್ಟು ಹೋಗ್ತಾರೆ ಕಣೋ!"

ಮಲ್ಲಪ್ಪ ನನ್ನ ಮುಖ ನೋಡಿದ, ಹೊಗೆ ನೋಡಿದ, ಬೀಗ ತೆಗೆದ. "ಹೋದ್ರ ಹೋಗ್ಲಿ ಬಿಡ್ರಿ ನೌಕ್ರಿ" ಅಂದ. ಆದರೆ ಆ ದಿಮ್ಮಿಗಳನ್ನು ತೆಗೆಯುವವರು ಯಾರು? ಫೈರ್ ಇಂಜಿನ್ ಮೂತಿ ತೂರಿಸಿ, ಹಿಂದೆ ಸರಿದು, ಮತ್ತೆ ತೂರಿಸಿ, ಎರಡನೆಯ ತಿರುವಿನಲ್ಲಿ ಸಿಕ್ಕಿಕೊಂಡಿತು. ಪೈಪು ಎಳೆದುಕೊಂಡು ಓಡಿದರು, ಸಾಲಲಿಲ್ಲ. ಗಾಳಿ ಹೊಗೆಯನ್ನೆಲ್ಲ ಅವರ ಮುಖಕ್ಕೇ ತರುತ್ತಿತ್ತು. ಬೇರೆ ದಾರಿ ಇಲ್ವಾ ಮೇಡಂ ಎಂದು ಅವರ ಮುಖ್ಯಸ್ಥ ಕಿರುಚಿದ. ಇತ್ತು, ಮುಚ್ಚಿಸಿದ್ದರು.

ಅಷ್ಟರಲ್ಲಿ ಹಿಂಗೋಡೆಯ ಕಡೆಯಿಂದ ದಢಾರ್ ಎಂದು ಸದ್ದು. ನಾನು ಇನ್ನೊಂದು ಟ್ರಾನ್ಸ್‌ಫಾರ್ಮರೂ ಹೋಯಿತು ಎಂದುಕೊಂಡೆ. ಮತ್ತೊಮ್ಮೆ ದಢಾರ್. ಯಾರ್ಡಿನ ಅಂಚು ಹಿಡಿದು ಓಡಿ ಹೋಗಿ ನೋಡಿದರೆ, ‘ನಿಷೇಧಿತ ಪ್ರದೇಶ’ ನೆಲಕ್ಕೆ ಬಿದ್ದಿತ್ತು. ಇಟ್ಟಿಗೆಯ ಧೂಳಿನ ನಡುವೆ ಕೆಂಪಣ್ಣನ ಟ್ಯಾಂಕರಿನ ಹಿಂಭಾಗ. ನೀರು ತುಂಬಿದ ಟ್ಯಾಂಕರನ್ನು ರಿವರ್ಸಿನಲ್ಲಿ ಗುದ್ದಿ ಗುದ್ದಿ ಹಳೆಯ ಗೇಟಿನ ಜಾಗವನ್ನು ಬಿಡಿಸಿದ್ದ. ಅವನ ಹಿಂದೆ ಊರಿನ ಹತ್ತಿಪ್ಪತ್ತು ಜನ, ಕೈಯಲ್ಲಿ ಬಿಂದಿಗೆ, ಮರಳಿನ ಚೀಲ.

ಈಗ ನಾನು ಹೇಳುವುದನ್ನು ಗಮನವಿಟ್ಟು ಕೇಳಬೇಕು. ಬೆಂಕಿ ಕಣ್ಣೆದುರು ಉರಿಯುತ್ತಿದೆ, ಗೋಡೆ ಬಿದ್ದಿದೆ, ಎಂಥವರೂ ನುಗ್ಗಿಬಿಡುವ ಹೊತ್ತು. ಕೆಂಪಣ್ಣ ಟ್ಯಾಂಕರಿನಿಂದ ಹಾರಿ, ಎರಡು ಕೈ ಅಗಲಿಸಿ ಊರಿನವರನ್ನು ಹಳೆಯ ಗೇಟಿನ ಗೆರೆಯ ಮೇಲೇ ತಡೆದ. ಒಬ್ಬರನ್ನೂ ಒಳಗೆ ಬಿಡಲಿಲ್ಲ. ಹೊಗೆಯಲ್ಲಿ ನನ್ನನ್ನು ಕಂಡು ಕೂಗಿದ:

"ಅಕ್ಕಾ, ಕ್ಲಿಯರ್ರಾ?"

ಕ್ಲಿಯರ್ ಆಗಿರಲಿಲ್ಲ. ಮೇಲಿನ ತಂತಿಗಳಲ್ಲಿ ಇನ್ನೂ ಕರೆಂಟಿತ್ತು. ಆ ಕ್ಷಣ ನೀರು ಹೊಡೆದಿದ್ದರೆ ಎಷ್ಟು ಹೆಣ ಎತ್ತಬೇಕಿತ್ತೋ ದೇವರೇ ಬಲ್ಲ. "ನಿಲ್ಲು!" ಎಂದು ಕೈ ಅಡ್ಡ ಹಿಡಿದೆ. ನಿಂತರು, ಅಷ್ಟೂ ಜನ. ಹಣೆಯ ಮೇಲೆ ಬೆಂಕಿಯ ಝಳ ಹೊಡೆಯುತ್ತಿದ್ದರೂ ಒಂದು ಹೆಜ್ಜೆ ಮುಂದಿಡಲಿಲ್ಲ. ನಂಜುಂಡಯ್ಯನವರು ಕೊನೆಯ ಬ್ರೇಕರ್ ಬಿಡಿಸಿ, ಬಾಯಿಗೆ ಟವೆಲು ಕಟ್ಟಿಕೊಂಡು ಬಾಗಿಲಲ್ಲಿ ಬಂದು ಕೈ ಎತ್ತಿದರು. ಉಳಿದ ಕರೆಂಟು ನೆಲಕ್ಕೆ ಇಳಿಯಲೆಂದು ತಂತಿಗಳಿಗೆ ಅರ್ಥಿಂಗ್ ಹಾಕಿದೆವು. ಆಗ ನಾನು ಗಂಟಲು ಹರಿಯುವ ಹಾಗೆ ಕೂಗಿದೆ: "ಕ್ಲಿಯರ್!"

ಕೆಂಪಣ್ಣ ಟ್ಯಾಂಕರು ಪಕ್ಕಕ್ಕೆ ತೆಗೆದ. ಮೊದಲನೆಯದು ಸಿಕ್ಕಿಕೊಂಡ ಮೇಲೆ ಕರೆಸಿದ, ಊರ ದಾರಿಯಲ್ಲಿ ಸುತ್ತಿಕೊಂಡು ಬಂದ ಎರಡನೆಯ ಫೈರ್ ಇಂಜಿನ್ ಆ ಕಂಡಿಯಿಂದಲೇ ಒಳಗೆ ಬಂತು. ಉರಿಯುವುದಕ್ಕೆ ನೊರೆ ಹೊಡೆದರು. ಕೆಂಪಣ್ಣನ ಟ್ಯಾಂಕರಿನ ನೀರನ್ನು ಪಕ್ಕದ ಟ್ರಾನ್ಸ್‌ಫಾರ್ಮರಿನ ಮೇಲೆ ಸುರಿಸಿ ಅದು ಕಾಯದಂತೆ ನೋಡಿಕೊಂಡರು. ಅದು ಉಳಿಯಿತು, ನಾವೂ ಉಳಿದೆವು. ಬಸವೇಶ್ವರನಗರಕ್ಕೆ ಸಂಜೆಯೇ ಕರೆಂಟು ಬಂತು.

ಗೋಡೆ ಸಾಹೇಬರು ಬಂದದ್ದು ಬೆಂಕಿ ಆರಿದ ಮೇಲೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವವರು. ಸುಟ್ಟ ಟ್ರಾನ್ಸ್‌ಫಾರ್ಮರನ್ನು ದೂರದಿಂದ ನೋಡಿ, ನೇರ ಹೋಗಿ ಬಿದ್ದ ಗೋಡೆಯ ಮುಂದೆ ನಿಂತರು. "ಇದನ್ನ ಯಾರು ಮಾಡಿದ್ದು?"

ಸ್ಟೇಷನ್ನು ಯಾರು ಉಳಿಸಿದ್ದು ಅಂತ ಕೇಳಲಿಲ್ಲ.

ಭದ್ರತಾ ಗೋಡೆ ಒಡೆದಿದೆ ಎಂದ ಮೇಲೆ ಒಬ್ಬ ಆರೋಪಿ ಇರಲೇಬೇಕಂತೆ. ಸರ್ಕಾರಿ ಆಸ್ತಿಗೆ ನಷ್ಟ, ನಿಷೇಧಿತ ಪ್ರದೇಶಕ್ಕೆ ಅಕ್ರಮ ಪ್ರವೇಶ ಎಂದು ಕೆಂಪಣ್ಣನ ಮೇಲೆ ಕೇಸಾಯಿತು. ಅವನ ಅನ್ನದ ದಾರಿಯಾದ ಟ್ಯಾಂಕರು ಸಾಕ್ಷ್ಯದ ಹೆಸರಿನಲ್ಲಿ ಜಪ್ತಿಯಾಗಿ ಬಿಸಿಲು ಮಳೆಯಲ್ಲಿ ತುಕ್ಕು ಹಿಡಿಯುತ್ತ ನಿಂತಿತು. ಪೂಜೆ ನಿಲ್ಲಿಸಿದ ಸಿಟ್ಟಿಗೆ ಇವನೇ ಬೆಂಕಿ ಇಟ್ಟಿರಬಹುದೇ ಎಂದೂ ವಿಚಾರಣೆ ಮಾಡಿದರು. ನಾನು ಹೋಗಿ ಕೂಗಾಡಿದೆ. ಬುಶಿಂಗ್ ಸಿಡಿದದ್ದು ಹೇಗೆ ಎಂದು ಚೂರು ಸಮೇತ ತೋರಿಸಿದೆ. ಆ ಆರೋಪ ಬಿಟ್ಟರು, ಉಳಿದದ್ದು ಬಿಡಲಿಲ್ಲ. ಮಲ್ಲಪ್ಪನನ್ನು ಏಜೆನ್ಸಿಯವರು ಮರುವಾರವೇ ತೆಗೆದುಹಾಕಿದರು. ಹೋಗುವಾಗ ನನಗೆ ಕೈಮುಗಿದು, "ನಂಜುಂಡಯ್ಯನೋರು ಆರಾಮ್ ಅದಾರಲ್ರಿ, ಅಷ್ಟ ಸಾಕ್ರಿ" ಅಂದ. ದಿಮ್ಮಿ ಇಡಿಸಿದವರಿಗೆ ಮಾತ್ರ ಏನೂ ಆಗಲಿಲ್ಲ.

ಕೋರ್ಟಿನಲ್ಲಿ ಕೆಂಪಣ್ಣನ ವಕೀಲರು ನನ್ನನ್ನು ಸಾಕ್ಷಿಯಾಗಿ ಕರೆಸಿದರು. ಹೋಗಬೇಡಿ, ಇಲಾಖೆಯ ವಿರುದ್ಧ ಆಗುತ್ತದೆ ಎಂದು ಮೇಲಿನವರು ಮೆತ್ತಗೆ ಹೇಳಿ ಕಳಿಸಿದ್ದರು. ಹೋದೆ. ಸರ್ಕಾರಿ ವಕೀಲರು ಎದ್ದರು.

"ಆರೋಪಿ ಅನುಮತಿ ಇಲ್ಲದೆ ಒಳಗೆ ಬಂದ. ಹೌದು ತಾನೆ?"

"ಅಲ್ಲ. ಕೇಳಿ ಬಂದ."

"ಯಾರನ್ನ ಕೇಳಿದ?"

"ನನ್ನನ್ನ. ಕ್ಲಿಯರ್ರಾ ಅಂತ ಕೇಳಿದ. ನಾನು ಹೇಳೋ ತನಕ ಗೆರೆ ದಾಟಲಿಲ್ಲ. ನಮ್ಮ ಕೆಲಸದಲ್ಲಿ ಅದಕ್ಕಿಂತ ದೊಡ್ಡ ಅನುಮತಿ ಇಲ್ಲ."

ಕೋರ್ಟ್ ಹಾಲಿನಲ್ಲಿ ಯಾರೋ ಕಿಸಕ್ಕೆಂದರು. ನ್ಯಾಯಾಧೀಶರು ನಗಲಿಲ್ಲ. ಆ ಮಾತಿನ ಅರ್ಥವೇನು ಎಂದು ವಿವರವಾಗಿ ಕೇಳಿಕೊಂಡರು. ಕೊನೆಗೆ, "ಇದನ್ನ ಅವನು ಕೇಳಿದ್ದು ಗೋಡೆ ಒಡೆಯೋ ಮೊದಲೋ, ಒಡೆದ ಮೇಲೋ?" ಅಂದರು.

"ಒಡೆದ ಮೇಲೆ ಸ್ವಾಮಿ. ಗೇಟಿದ್ದಿದ್ದರೆ ಗೇಟಿನಲ್ಲೇ ಕೇಳ್ತಿದ್ದ."

ನ್ಯಾಯಾಧೀಶರು ಪೆನ್ನು ಕೆಳಗಿಟ್ಟು ಸರ್ಕಾರಿ ವಕೀಲರ ಕಡೆ ನೋಡಿದರು. ಅವರು ಫೈಲು ಮಡಚಿ ಕೂತರು.

ಕೆಂಪಣ್ಣ ಕೇಸಿನಿಂದ ಬಿಡುಗಡೆಯಾಗಲು ಅದಾದ ಮೇಲೂ ಬಹಳ ಕಾಲ ಹಿಡಿಯಿತು. ಟ್ಯಾಂಕರು ವಾಪಸ್ಸು ಬಂದಾಗ ಅದರ ತಳ ತೂತಾಗಿತ್ತು. ಅವನ ತಾಯಿ ಅಷ್ಟರಲ್ಲಿ ತೀರಿಕೊಂಡಿದ್ದರು, ಮಗ ಆರೋಪಿಯಾಗಿಯೇ ಇದ್ದಾಗ. ಯಾರೊಬ್ಬರೂ ಅವನ ಮನೆಗೆ ಹೋಗಿ ತಪ್ಪಾಯಿತಪ್ಪ ಎನ್ನಲಿಲ್ಲ. ನನಗೆ ಮೆಮೊ ಬಂತು: ನಿಷೇಧಿತ ಪ್ರದೇಶಕ್ಕೆ ಹೊರಗಿನವರ ಪ್ರವೇಶಕ್ಕೆ ಅಪ್ಪಣೆ ಕೊಡುವ ಅಧಿಕಾರ ನಿಮಗೆಲ್ಲಿಯದು? ‘ನನ್ನ ವೃತ್ತಿಯದು’ ಎಂದು ಒಂದೇ ಸಾಲಿನ ಉತ್ತರ ಕೊಟ್ಟೆ. ಅದರ ಫಲ ಏನಾಯಿತು ಎಂದು ಇಲ್ಲಿ ಹೇಳಿ ಪ್ರಯೋಜನವಿಲ್ಲ.

ಗೋಡೆಯನ್ನು ಮತ್ತೆ ಕಟ್ಟಿದರು. ಮೊದಲಿಗಿಂತ ಎತ್ತರಕ್ಕೆ, ಗೇಟಿಲ್ಲದೆ.

ತಂಗಿಯ ಮಗಳನ್ನು ಕರೆದುಕೊಂಡು ಮೊನ್ನೆ ಆ ಕಡೆ ಹೋಗಿದ್ದೆ. ಮುಂದಿನ ಗೇಟಿನಲ್ಲಿ ಹೊಸ ಹುಡುಗ ನನ್ನನ್ನು ಒಳಗೆ ಬಿಡಲಿಲ್ಲ, ಪಾಸ್ ಕೇಳಿದ. ಅವನಿಗೆ ಹೇಳಿಕೊಟ್ಟದ್ದು ಅಷ್ಟೇ. ಹಿಂದಕ್ಕೆ ಸುತ್ತಿ ಹೋದೆವು. ಒಡೆದು ಕಟ್ಟಿದ ಭಾಗದ ಬಣ್ಣ ಇನ್ನೂ ಬೇರೆಯಾಗಿ ಕಾಣುತ್ತದೆ. ಊರಿನವರು ಅದಕ್ಕೇ ಅರಿಶಿನ ಕುಂಕುಮ ಬಳಿದು, ಮಂಗಳವಾರ ಅಲ್ಲೇ ಕಾಯಿ ಒಡೆಯುತ್ತಾರೆ. ಅದರ ಮುಂದೆ ಕೆಂಪಣ್ಣನ ಟ್ಯಾಂಕರು ನಿಂತಿತ್ತು. ಹೊಸ ಟ್ಯಾಂಕರು, ಕಂಠದವರೆಗೆ ನೀರು, ಹಿಂಭಾಗ ಸರಿಯಾಗಿ ಆ ಗೋಡೆಗೆ ಎದುರಾಗಿ. ಕೆಂಪಣ್ಣನ ಕೂದಲೂ ಬೆಳ್ಳಗಾಗಿದೆ. ಇವಳೂ ಈಗ ನಮ್ಮ ಇಲಾಖೆಗೇ ಸೇರಿದ್ದಾಳೆ ಎಂದು ಅವನಿಗೆ ಹೇಳಿದೆ.

"ಏನೋ ಕೆಂಪಣ್ಣ, ಬಯಲೆಲ್ಲ ಖಾಲಿ ಇದೆ. ಇಲ್ಲೇ ಯಾಕೋ ನಿಲ್ಲಿಸಿದ್ದೀಯ?"

"ದಿನಾ ಕೊನೇ ಲೋಡು ತುಂಬ್ಸಿ ಇಲ್ಲೇ ನಿಲ್ಲಿಸ್ತೀನಕ್ಕಾ. ಒಳಗೆ ಬೆಂಕಿ ಆರ್ಸೋ ಪಂಪು ಇನ್ನೂ ಕೆಟ್ಟೇ ಐತಂತೆ."

"ಮತ್ತೆ ಒಡೀತೀಯೇನೋ? ಮತ್ತೆ ಕೇಸ್ ಹಾಕ್ತಾರೆ ಕಣೋ."

"ಹಾಕ್ಲಿ ಬಿಡಕ್ಕಾ, ಕೋರ್ಟ್ ದಾರಿ ಗೊತ್ತಲ್ಲ." ಆಮೇಲೆ ನನ್ನ ತಂಗಿಯ ಮಗಳ ಕಡೆ ತಿರುಗಿ ಕೇಳಿದ: "ಅವಾಗ ಕ್ಲಿಯರ್ ಅನ್ನೋಕೆ ಒಳಗೆ ಯಾರಿರ್ತಾರವ್ವ, ನೀನಿರ್ತೀಯಾ?"